ರಿಮೋಟ್ ಚಾರ್ಜರ್‌ಗೆ ವಿ8 ಗುಟುರು ಕೂಡಿಸುವ ಕೆಲಸ

ಮೇ ಮೊದಲ ವಾರ

ಬಹಳ ದಿನದಿಂದ ತಲೆಯಲ್ಲಿದ್ದ ಕೆಲಸಕ್ಕೆ ಕೈ ಹಾಕಿದ್ದೇನೆ. ನನ್ನ 1:10 ಅಳತೆಯ ಡಾಡ್ಜ್ ಚಾರ್ಜರ್ ರಿಮೋಟ್ ಕಾರಿಗೆ ವಿ8 ಇಂಜಿನ್ನಿನ, ಅಂದರೆ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ ಇಂಜಿನ್ನಿನ ಸದ್ದು ಕೊಡಬೇಕು. ಕಾರು ಬ್ಯಾಟರಿಯದ್ದು, ಒಳಗೆ ಬ್ರಷ್‌ಲೆಸ್ ಮೋಟರ್. ಸದ್ಯಕ್ಕೆ ಓಡಿಸಿದರೆ ಮಿಕ್ಸಿಯಲ್ಲಿ ಚಟ್ನಿಪುಡಿ ಮಾಡಿದ ಹಾಗೆ ಕೇಳುತ್ತದೆ.

ಈ ಹುಚ್ಚು ಹಿಡಿಸಿದ್ದು ಅಸಲಿ ಚಾರ್ಜರ್, ದೊಡ್ಡ ಇಂಜಿನ್ನಿನ ಅಮೆರಿಕನ್ ಮಸಲ್ ಕಾರು. 2023ರ ಕೊನೆಗೆ ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಲ್ಲಿ ಹಳೆಯ ಚಾರ್ಜರ್, ಡಾಡ್ಜ್‌ನದೇ ಇನ್ನೊಂದು ಮಸಲ್ ಕಾರು ಚಾಲೆಂಜರ್, ಎರಡರ ತಯಾರಿಕೆಯೂ ನಿಂತಿತು. 2024ರ ಮಾರ್ಚ್‌ನಲ್ಲಿ ಡಾಡ್ಜ್ ಹೊಸ ಚಾರ್ಜರ್ ಡೇಟೋನಾ ತೋರಿಸಿತು. ಹೆಮಿ ಅನ್ನುವ ಹಳೆಯ ವಿ8 ಇಂಜಿನ್ ಇಲ್ಲ, ಪೂರ್ತಿ ಎಲೆಕ್ಟ್ರಿಕ್. ಹೆಚ್ಚು ಬಲದ ಸ್ಕ್ಯಾಟ್ ಪ್ಯಾಕ್ ಮಾದರಿಗೆ 670 ಹಾರ್ಸ್‌ಪವರ್. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು 3.3 ಸೆಕೆಂಡ್ ಸಾಕು ಅನ್ನುತ್ತದೆ ಕಂಪನಿ. ಜೊತೆಗೆ ಹಿಂಭಾಗದಲ್ಲಿ ಸದ್ದು ಹೊರಡಿಸಲೆಂದೇ ಒಂದು ಚೇಂಬರ್, ಒಂದು ಆಂಪ್ಲಿಫೈಯರ್. ಹೆಸರು ಫ್ರಾಟ್ಜಾನಿಕ್ ಚೇಂಬರ್ಡ್ ಎಕ್ಸಾಸ್ಟ್. ಹೊಗೆಯೇ ಇಲ್ಲದ ಕಾರಿಗೆ ಎಕ್ಸಾಸ್ಟ್! 2022ರಲ್ಲಿ ಕಾನ್ಸೆಪ್ಟ್ ಕಾರು ತೋರಿಸಿದಾಗ 126 ಡೆಸಿಬೆಲ್, ಪೆಟ್ರೋಲಿನ ವಿ8 ಮಾದರಿ ಹೆಲ್‌ಕ್ಯಾಟ್‌ನಷ್ಟೇ ಜೋರು ಅಂತ ಹೇಳಿಕೊಂಡಿದ್ದರು.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಟ್ರಾಯ್. ಇಲ್ಲಿ ನಮ್ಮವರು ಬಹಳ ಜನ ಕಾರಿನ ಉದ್ಯಮದಲ್ಲೇ ಇದ್ದಾರೆ. ಹಾಗಾಗಿ ಯುಗಾದಿ ಊಟದಲ್ಲೂ ಇದೇ ಚರ್ಚೆ. ಹಾಸನ ಕಡೆಯ ಗೆಳೆಯನೊಬ್ಬ ಪೂರ್ತಿ ಹೊಸ ಕಾರಿನ ಪರ. "ಹಳೇ ಸ್ಕ್ಯಾಟ್ ಪ್ಯಾಕ್‌ನ ಸಿಗ್ನಲ್‌ನಲ್ಲೇ ಹಿಂದೆ ಹಾಕುತ್ತೆ ಗುರೂ, ಇನ್ನೇನು ಬೇಕು?" ಇನ್ನೊಬ್ಬನಿಗೆ ತೂಕದ ಚಿಂತೆ. ಸುಮಾರು 2,650 ಕಿಲೋ ಇದೆ, ಹಳೆಯದಕ್ಕಿಂತ ಆರುನೂರು ಕಿಲೋ ಜಾಸ್ತಿ. ನಮ್ಮ ಪಕ್ಕದ ಮನೆಯ ಅಮೆರಿಕನ್ ಹಿರಿಯರದ್ದು ಒಂದೇ ಮಾತು: ಸ್ಪೀಕರ್ ಇಟ್ಟುಕೊಂಡು ಮಸಲ್ ಕಾರು ಅನ್ನಬೇಡಿ.

ಆ ಮಾತು ನನಗೆ ಕೊರೆಯುತ್ತಿತ್ತು. ಸ್ಪೀಕರ್ ಅಂದ ಮಾತ್ರಕ್ಕೇ ಸದ್ದು ಸುಳ್ಳಾಗುತ್ತದಾ? ಮಾಡಿಯೇ ನೋಡೋಣ ಅಂತ ಇಳಿದೆ.

ಮೇ ಕೊನೆ

ಸಾಮಾನು ಹೆಚ್ಚೇನಿಲ್ಲ. ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, 3 ವಾಟ್‌ನ ಪುಟ್ಟ ಆಂಪ್ಲಿಫೈಯರ್, 40 ಮಿಲಿಮೀಟರ್ ಸ್ಪೀಕರ್. ರಿಸೀವರ್‌ನಿಂದ ವೇಗ ಹೇಳುವ ಥ್ರಾಟಲ್ ವೈರಿಗೆ ಒಂದು ಕವಲು ತೆಗೆದು ಬೋರ್ಡಿಗೆ ಕೊಟ್ಟೆ. ಅದರಲ್ಲಿ ಬರುವುದು 1,000ದಿಂದ 2,000 ಮೈಕ್ರೋಸೆಕೆಂಡ್‌ನ ಪಲ್ಸ್. 1,500 ಅಂದರೆ ಗಾಡಿ ನಿಂತಿದೆ ಅಂತ. ಬೆಸುಗೆ ಕೆಲಸ ಒಂದು ಸಂಜೆಯಲ್ಲೇ ಮುಗಿಯಿತು.

ರೆಕಾರ್ಡ್ ಮಾಡಿದ ಸದ್ದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಒಂದೊಂದು ಸಿಲಿಂಡರಿನ ಬಡಿತವನ್ನೂ ಕೋಡ್‌ನಲ್ಲೇ ಹುಟ್ಟಿಸಬೇಕು. ನನಗೆ ಇಡೀ ಕೆಲಸದ ರುಚಿ ಇರುವುದೇ ಅಲ್ಲಿ.

ಹೆಮಿಯ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಬಡಿಯುವ ಸರದಿ, 1-8-4-3-6-5-7-2. ಬೆಸ ಸಂಖ್ಯೆಯವು ಎಡ ಸಾಲಿನ ಸಿಲಿಂಡರ್‌ಗಳು, ಸಮ ಸಂಖ್ಯೆಯವು ಬಲ ಸಾಲಿನವು. ಒಟ್ಟಾರೆ ನೋಡಿದರೆ ಇಂಜಿನ್ನಿನ ತಿರುಗುವ ದಂಡ, ಕ್ರ್ಯಾಂಕ್, 90 ಡಿಗ್ರಿ ತಿರುಗಿದಾಗೆಲ್ಲ ಒಂದು ಬಡಿತ, ಬಲು ಶಿಸ್ತು. ಆದರೆ ಎಡ ಸಾಲನ್ನು ಮಾತ್ರ ತೆಗೆದುಕೊಂಡರೆ ಅಂತರ 270, 180, 90, 180. ಬಲ ಸಾಲಿನಲ್ಲೂ ಇಂಥದ್ದೇ ಏರುಪೇರು. ಎರಡು ಸಾಲಿನ ಪೈಪ್ ಬೇರೆ ಬೇರೆ ಇರುವುದರಿಂದ ಆ ಏರುಪೇರು ಕಿವಿಗೆ ಬೀಳುತ್ತದೆ. 750 ಆರ್‌ಪಿಎಮ್‌ನಲ್ಲಿ, ಅಂದರೆ ನಿಮಿಷಕ್ಕೆ 750 ಸುತ್ತಿನಲ್ಲಿ, ಸೆಕೆಂಡಿಗೆ 50 ಬಡಿತ. ಇಡೀ ವರಸೆ ಮರುಕಳಿಸುವುದು ಮಾತ್ರ ಸೆಕೆಂಡಿಗೆ ಸುಮಾರು ಆರು ಸಲ. ಆ ಗುಡುಗುಡು ಹುಟ್ಟುವುದು ಇಲ್ಲಿಂದ.

ಸೆಕೆಂಡಿಗೆ 50 ಬಡಿತ ಅಂದರೆ 50 ಹರ್ಟ್ಜ್. 40 ಮಿಲಿಮೀಟರ್ ಸ್ಪೀಕರ್ ಅದನ್ನು ಎಲ್ಲಿ ನುಡಿಸೀತು? ಆದರೆ 100, 150, 200 ಹರ್ಟ್ಜ್ ಸರಿಯಾಗಿ ಕೊಟ್ಟರೆ ಇಲ್ಲದ 50ನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. 100 ಕೂಡ ಇದರಲ್ಲಿ ಕ್ಷೀಣವೇ. ಆದರೂ ಪರವಾಗಿಲ್ಲ, ನಿಂತಲ್ಲಿ ಐಡಲ್ ಚೆನ್ನಾಗಿ ಬಂತು. ಗೆಳೆಯ ವಿಡಿಯೋ ಕಾಲ್‌ನಲ್ಲಿ ಕೇಳಿ "ಬೊಂಬಾಟ್" ಅಂದ.

ಜೂನ್

ಓಡಿಸಿದಾಗ ಬಣ್ಣ ಬಯಲಾಯಿತು. ಥ್ರಾಟಲ್ ಒತ್ತಿದ ಕ್ಷಣಕ್ಕೇ ಸದ್ದು ಮೇಲೇರುತ್ತದೆ, ಬಿಟ್ಟ ಕ್ಷಣಕ್ಕೇ ಬೀಳುತ್ತದೆ. ವಾಲ್ಯೂಮ್ ಏರಿಸಿದರೆ ಇನ್ನೂ ಕೃತಕ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಕೇಳಿಸಿಕೊಂಡು ಬರೀ ನಕ್ಕರು.

ಆಮೇಲೆ ಎರಡು ಬದಲಾವಣೆ ಮಾಡಿದೆ. ಕೋಡ್‌ನಲ್ಲಿ ಒಂದು ಫ್ಲೈವೀಲ್, ಅಂದರೆ ಇಂಜಿನ್ನಿನ ಭಾರದ ಚಕ್ರದ ಲೆಕ್ಕ ಕೂಡಿಸಿದೆ. ಈಗ ಆರ್‌ಪಿಎಮ್ ಏರಲಿಕ್ಕೂ ಇಳಿಯಲಿಕ್ಕೂ ಹೊತ್ತು ತೆಗೆದುಕೊಳ್ಳುತ್ತದೆ. ಎರಡನೆಯದು, ಬ್ಯಾಟರಿ ವೈರಿಗೆ ಕರೆಂಟ್ ಸೆನ್ಸರ್. ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಗೊತ್ತಾದರೆ ಗಾಡಿ ಎಷ್ಟು ಕಷ್ಟಪಡುತ್ತಿದೆ ಅಂತಲೂ ಗೊತ್ತಾಗುತ್ತದೆ. ಡ್ರೈವ್‌ವೇ ಏರು ಹತ್ತುವಾಗ ವೇಗ ಕುಗ್ಗುತ್ತದೆ, ಬಡಿತ ಮಾತ್ರ ದಪ್ಪಗಾಗುತ್ತದೆ. ಹುಲ್ಲಿಗೆ ಇಳಿದರೆ ಗುಟುರು ಹಾಕುತ್ತದೆ. ವಾಲ್ಯೂಮ್ ಮೊದಲಿಗಿಂತ ಕಡಿಮೆ ಇಟ್ಟಿದ್ದೇನೆ, ಆದರೂ ಈಗಲೇ ನಂಬಿಕೆ ಬರುತ್ತಿದೆ.

ಹೀಗಾಗಿ 126 ಡೆಸಿಬೆಲ್ ವಾದ ನನಗೆ ಈಗ ರುಚಿಸುವುದಿಲ್ಲ. ಜೋರಿನಲ್ಲಿ ಗೆದ್ದು ಏನು ಮಾಡುವುದು? ಸದ್ದು ಗಾಡಿಯ ದುಡಿಮೆಯನ್ನು ಹೇಳಬೇಕು. ಕಾನ್ಸೆಪ್ಟ್ ಕಾರಿನಲ್ಲಿ ಇರಪ್ಟ್ ಅಂತ ಹಲವು ಗೇರಿನ ವ್ಯವಸ್ಥೆ ಬರುತ್ತದೆ ಅಂದಿದ್ದರು. ಗೇರು ಬದಲಾಗುವುದು ಮೈಗೆ ತಟ್ಟುತ್ತದೆ ಅನ್ನುವುದು ಅವರ ಮಾತಾಗಿತ್ತು. ರಸ್ತೆಗೆ ಬಂದ ಕಾರಿನಲ್ಲಿ ಅದಿಲ್ಲ. ನನ್ನ ಪ್ರಕಾರ ಕೈಬಿಡಬಾರದಿದ್ದದ್ದು ಅದನ್ನೇ.

ಇನ್ನೊಂದು ತಮಾಷೆ. ಸದ್ದಿಗೇ ಹೆಸರಾದ ಈ ಕಾರನ್ನು 2025ರಲ್ಲಿ ಸದ್ದಿನ ಕಾರಣಕ್ಕೇ ವಾಪಸ್ ಕರೆಸಿದರು. ಪಾದಚಾರಿಗಳಿಗೆ ಎಚ್ಚರಿಕೆ ಕೊಡಬೇಕಾದ ಹೊರಗಿನ ಸದ್ದು ಸಾಫ್ಟ್‌ವೇರ್ ದೋಷದಿಂದ ಬರದೇ ಇರಬಹುದು ಅಂತ. ಎಂಟು ಸಾವಿರಕ್ಕೂ ಹೆಚ್ಚು ಕಾರು!

ಜುಲೈ

ಪಕ್ಕದ ಮನೆಯವರು ತಾವೇ ರಿಮೋಟ್ ಕೇಳಿ ತೆಗೆದುಕೊಂಡು ಓಡಿಸಿದರು. "ಇದು ಆಟಿಕೆ, ಇದಕ್ಕೆ ಸರಿ. ದುಡ್ಡು ಕೊಟ್ಟು ಕೊಳ್ಳುವ ಕಾರಿಗೆ ಬೇಡ" ಅಂದರು. ಅದೂ ಒಂದು ನಿಲುವೇ. ಪೆಟ್ರೋಲ್ ಚಾರ್ಜರ್ ಬಂದಿದೆಯಲ್ಲ ಅಂದೆ. ಸಿಕ್ಸ್‌ಪ್ಯಾಕ್ ಅಂತ, 3 ಲೀಟರ್, ಎರಡು ಟರ್ಬೊ, ಸ್ಕ್ಯಾಟ್ ಪ್ಯಾಕ್‌ನಲ್ಲಿ 550 ಹಾರ್ಸ್‌ಪವರ್. ಅದಕ್ಕೂ ಮುಖ ಸಿಂಡರಿಸಿದರು. ಅದರದ್ದು ಇನ್‌ಲೈನ್, ಒಂದೇ ಸಾಲಿನ ಆರು ಸಿಲಿಂಡರ್. ಅಂದರೆ 120 ಡಿಗ್ರಿಗೊಂದು ಬಡಿತ, ಏರುಪೇರೇ ಇಲ್ಲ. ಕೋಡ್‌ನಲ್ಲಿ ಅಂತರ ಬದಲಿಸಿ ಕೇಳಿಸಿದೆ. ನುಣ್ಣಗೆ, ಚೆನ್ನಾಗಿಯೇ ಇತ್ತು. ಅವರು ಮಾತ್ರ ಒಪ್ಪಲಿಲ್ಲ. ಹಾಸನದ ಗೆಳೆಯನಿಗೆ ಅದೇ ಹೆಚ್ಚು ಹಿಡಿಸಿತು. ಪೆಟ್ರೋಲ್ ಬೇಡ ಅಂತಿದ್ದವನೇ ಅವನು!

ಮುಂದೆ ಸ್ಪೀಕರಿಗೆ ಒಂದು ಡಬ್ಬಿ ಪ್ರಿಂಟ್ ಮಾಡಬೇಕು. ಈಗ ಬಾಡಿಯ ತೆಳು ಪ್ಲಾಸ್ಟಿಕ್ ಅದುರಿ ಸದ್ದು ಕೆಡುತ್ತಿದೆ. ಆರು ಸಿಲಿಂಡರಿಗೂ ಎಂಟು ಸಿಲಿಂಡರಿಗೂ ಬದಲಾಯಿಸಲು ರಿಮೋಟ್‌ನ ಮೂರನೇ ಚಾನೆಲ್‌ಗೆ ಸ್ವಿಚ್ ಕೊಡಬೇಕು. ಕರೆಂಟ್ ಸೆನ್ಸರ್ ಮೋಟರ್ ಪಕ್ಕದಲ್ಲೇ ಇದೆ, ಬಿಸಿಯಾದರೆ ಅಳತೆ ತಪ್ಪುತ್ತದೆ. ಮೊದಲು ಅದನ್ನು ಮುಂಭಾಗಕ್ಕೆ ಸರಿಸುತ್ತೇನೆ.