ಹಿಡಿಸೂಡಿ ಹಿಡಿದ ಮಿಷನರಿ

ಊರಿಂದ ಫೋನ್ ಬಂದಾಗಲೆಲ್ಲ ಅದೇ ಪ್ರಶ್ನೆ. "ಸೇವೆ ಹೇಗೆ ನಡೀತಾ ಇದೆ?" ಮಂಗಳೂರಿನ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರಂತೂ ನೇರವಾಗಿ ಕೇಳಿಬಿಡುತ್ತಾರೆ, "ಎಷ್ಟು ಜನ ಹೊಸದಾಗಿ ಸೇರಿದರು ಅಮ್ಮಾ?" ಏನು ಹೇಳಲಿ? ಈ ವಾರ ನಾನು ಮಾಡಿದ ದೊಡ್ಡ ಸೇವೆ ಅಂದರೆ ಮೂರು ಮಹಡಿಯ ಮೆಟ್ಟಿಲು ಗುಡಿಸಿದ್ದು.

ನಾವಿರುವುದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಅರ್ಧ ಗಂಟೆ. ಇಲ್ಲಿನ ಜನ ಶ್ವಾಬರು. ಇವರ ಜಿಪುಣತನ ಮತ್ತು ಚೊಕ್ಕಟತನದ ಮೇಲೆ ಉಳಿದ ಜರ್ಮನರು ಜೋಕ್ ಮಾಡುತ್ತಾರೆ. ಜಿಪುಣತನದ ವಿಷಯ ನಾನು ಹೇಳಲಾರೆ, ನಮ್ಮ ಮನೆಗೆ ಬರುವ ಕೇಕುಗಳ ಗಾತ್ರ ಬೇರೆಯೇ ಕತೆ ಹೇಳುತ್ತದೆ. ಚೊಕ್ಕಟತನ ಮಾತ್ರ ಜೋಕಲ್ಲ. ಅದಕ್ಕೊಂದು ಪದ್ಧತಿಯೇ ಇದೆ, ಹೆಸರು 'ಕೇರ್‌ವೊಖೆ', ಅಂದರೆ ಗುಡಿಸುವ ವಾರ. ಒಂದು ಕಟ್ಟಡದಲ್ಲಿ ಆರು ಮನೆ ಇದ್ದರೆ ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತಾಡುತ್ತದೆ. ವಾರ ಮುಗಿದ ಮೇಲೆ ಅದನ್ನು ಪಕ್ಕದ ಮನೆಯ ಬಾಗಿಲಿಗೆ ತೂಗುಹಾಕಬೇಕು.

ಮೊದಲ ಸಲ ನಮ್ಮ ಬಾಗಿಲಿಗೆ ಹಲಗೆ ಬಂದಾಗ ಜನವರಿ ತಿಂಗಳು. ಭಾರತದಿಂದ ಬಂದ ಪಾಸ್ಟರ್ ಹೆಂಡತಿ ಕೊಳಕು ಅಂತ ಯಾರೂ ಅನ್ನಬಾರದು ಅಲ್ವಾ? ಬೆಳಿಗ್ಗೆ ಆರಕ್ಕೇ ಎದ್ದೆ. ಮಂಗಳೂರಲ್ಲಿ ಅಮ್ಮ ಮಾಡುವ ಹಾಗೆ ಹೊರಗಿನ ಮೆಟ್ಟಿಲಿಗೆ ಎರಡು ಬಕೆಟ್ ನೀರು ಹೊಯ್ದು ಚೆನ್ನಾಗಿ ತೊಳೆದೆ. ಒಳಗೆ ಬಂದು ಚಹಾ ಇಟ್ಟೆ. ಚಹಾ ಕುದಿಯುವಷ್ಟರಲ್ಲಿ ಹೊರಗಿನ ನೀರು ಗಾಜಾಗಿತ್ತು. ಕೆಳಮನೆಯ ಅಜ್ಜ ಪೇಪರ್ ತರಲು ಹೋದವರು ಕಂಬಿ ಹಿಡಿದು ನೇತಾಡುತ್ತಾ ನನ್ನ ಗಂಡನನ್ನು ಕೂಗುತ್ತಿದ್ದರು. ಪುಣ್ಯಕ್ಕೆ ಬೀಳಲಿಲ್ಲ. ಆಮೇಲೆ ಅವರೇ ಉಪ್ಪಿನ ಚೀಲ ತಂದು ಎರಚಿದರು. ಸಂಜೆ ಒಂದು ಒಣ ಬ್ರಶ್ ತಂದುಕೊಟ್ಟು, ಸಣ್ಣ ಮಗುವಿಗೆ ಕಲಿಸುವ ಹಾಗೆ ಗುಡಿಸಿ ತೋರಿಸಿದರು. ನನ್ನ ಜರ್ಮನ್ ಭಾಷೆಯ ಮೊದಲ ಪಾಠ ಶುರುವಾದದ್ದು ಭಾಷೆಯ ತರಗತಿಯಲ್ಲಲ್ಲ, ಅಲ್ಲಿ.

ನಾವು ಇಲ್ಲಿಗೆ ಬಂದದ್ದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯ ಮೂಲಕ. ಸ್ಟುಟ್‌ಗಾರ್ಟಿನಲ್ಲಿ ಒಂದು ಮಿಷನ್ ಒಕ್ಕೂಟವಿದೆ. ಇಲ್ಲಿನ ಸಭೆಗಳೂ ಏಷ್ಯಾ, ಆಫ್ರಿಕಾದ ಸಭೆಗಳೂ ಸೇರಿ ಅದನ್ನು ನಡೆಸುತ್ತವೆ. ಇಲ್ಲಿಂದ ಅಲ್ಲಿಗೆ ಮಾತ್ರವಲ್ಲ, ಅಲ್ಲಿಂದ ಇಲ್ಲಿಗೂ ಜನ ಬರಬೇಕು ಅನ್ನುವುದು ಅವರ ಲೆಕ್ಕ. ಅಧಿಕೃತವಾಗಿ ನಮ್ಮನ್ನು ಸಹೋದ್ಯೋಗಿಗಳು ಅನ್ನುತ್ತಾರೆ. ಊರಿನವರಿಗೆ ಮಾತ್ರ ನಾವು ಮಿಷನರಿಗಳೇ. ಇಲ್ಲಿ ಆ ಪದ ಕೇಳಿದರೆ ಜನ ಸ್ವಲ್ಪ ಗಲಿಬಿಲಿಯಾಗುತ್ತಾರೆ. "ಮಿಷನರಿಯಾ? ನಮಗಾ?" ಅಂತ ಒಬ್ಬರು ಕೇಳಿಯೇಬಿಟ್ಟಿದ್ದರು.

ಆದರೆ ದಾರಿ ಹೊಸದೇನಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ಸೀಮೆಯ ಬ್ರಾಕನ್‌ಹೈಮ್ ಊರಿನವರು. ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗನ್‌ನಲ್ಲಿ. ಅದು ನಮ್ಮಿಂದ ಹತ್ತೇ ನಿಮಿಷ, ಮಕ್ಕಳಿಗೆ ಚಳಿಗಾಲದ ಜಾಕೆಟ್ ತಂದದ್ದು ಅಲ್ಲಿಂದಲೇ. ಕಿಟ್ಟೆಲ್ ಹುಟ್ಟಿದ್ದು ಉತ್ತರದ ಕಡಲತೀರದಲ್ಲಾದರೂ ಕೊನೆಗಾಲ ಕಳೆದದ್ದು ಟ್ಯೂಬಿಂಗನ್‌ನಲ್ಲಿ. ನನ್ನ ಗಂಡ ಗದಗ-ಬೆಟಗೇರಿಯವರು, ನಾನು ಮಂಗಳೂರಿನವಳು. ಎರಡೂ ಬಾಸೆಲ್ ಮಿಷನ್ ಊರುಗಳು, ಅಂದರೆ ಮೋಗ್ಲಿಂಗ್, ಕಿಟ್ಟೆಲ್ ಇಬ್ಬರನ್ನೂ ಕಳಿಸಿದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಕೆಲಸ ಮಾಡಿದ ಊರುಗಳು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇಲ್ಲಿಂದ ಹಡಗು ಹತ್ತಿ ಬಂದವರ ಊರಿಗೆ ನಾವು ವಿಮಾನ ಹತ್ತಿ ಬಂದೆವು, ಅಷ್ಟೇ.

ಭಾನುವಾರ ಇಲ್ಲಿ ಊರೇ ಮಲಗಿರುತ್ತದೆ. ಅಂಗಡಿ ಮುಚ್ಚಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. ಅಷ್ಟು ಮೌನದಲ್ಲಿ ಗಂಟೆ ಹೊಡೆಯುವುದು ಕೇಳಿದರೆ ಊರಿಗೆ ಊರೇ ಚರ್ಚಿಗೆ ಓಡಿಬರುತ್ತದೆ ಅಂತ ನಾನು ಮೊದಲ ವಾರ ನಂಬಿದ್ದೆ. ಬಂದವರು ಮೂವತ್ತು ಮಂದಿ. ಮುನ್ನೂರು ಜನ ಕೂರುವ ಬೆಂಚುಗಳಲ್ಲಿ ಒಬ್ಬರಿಗೊಬ್ಬರು ಸಾಕಷ್ಟು ದೂರ ಬಿಟ್ಟು ಕೂತಿದ್ದರು. ಹೆಚ್ಚಿನವರು ಎಪ್ಪತ್ತು ದಾಟಿದವರು. ಇಲ್ಲಿನ ಪಾಸ್ಟರುಗಳು ಕಪ್ಪು ನಿಲುವಂಗಿ ಹಾಕುತ್ತಾರೆ. ನಮ್ಮವರು ಸಿಎಸ್‌ಐ ಪದ್ಧತಿಯ ಬಿಳಿ ನಿಲುವಂಗಿಯಲ್ಲಿ ನಿಂತಾಗ ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳು ಗಟ್ಟಿಯಾಗಿ ಕೇಳಿದಳು, "ಇವರು ಡಾಕ್ಟರಾ?"

ಹಾಡು ಶುರುವಾಯಿತು. ಮಾತು ಒಂದೂ ಅರ್ಥವಾಗಲಿಲ್ಲ, ಆದರೆ ರಾಗ ನನ್ನದೇ! ಮಂಗಳೂರಿನ ಬಲ್ಮಠದ ಚರ್ಚಿನ ಬೆಂಚಿನಲ್ಲಿ ಅಜ್ಜಿಯ ಸೆರಗು ಹಿಡಿದು ಹಾಡಿದ ರಾಗ. ಬಾಸೆಲ್ ಮಿಷನ್‌ನವರು ಜರ್ಮನ್ ರಾಗಗಳಿಗೇ ಕನ್ನಡ ಮಾತು ಹೊಂದಿಸಿ ಕೊಟ್ಟಿದ್ದರಲ್ಲ. ನಾನು ಸುಮ್ನೆ ಕನ್ನಡದಲ್ಲೇ ಹಾಡಿದೆ. ಪಕ್ಕದಲ್ಲಿದ್ದ ಅಜ್ಜಿ ತಮ್ಮ ಹಾಡಿನ ಪುಸ್ತಕ ಮುಚ್ಚಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ವ್ಯತ್ಯಾಸ ಹೇಳಲೇಬೇಕು. ನಾವು ಅಲ್ಲಿ ಇದೇ ಹಾಡನ್ನು ಎಳೆದು ಎಳೆದು ಎರಡು ಪಟ್ಟು ಹೊತ್ತು ಹಾಡುತ್ತೇವೆ. ನನ್ನ ಮಟ್ಟಿಗೆ ನಮ್ಮದೇ ಚೆಂದ.

ಚರ್ಚಿನ ದುಡ್ಡಿನ ವಿಷಯ ಕೇಳಿದರೆ ಊರಿನ ಖಜಾಂಚಿಗಳಿಗೆ ಹೊಟ್ಟೆ ಉರಿಯಬಹುದು. ಇಲ್ಲಿ ತಿಂಗಳ ವಂತಿಗೆಗೆ ಮನೆಮನೆ ಅಲೆಯಬೇಕಿಲ್ಲ. ಸದಸ್ಯರ ಆದಾಯ ತೆರಿಗೆಯ ಮೇಲೆ ಈ ರಾಜ್ಯದಲ್ಲಿ 8 ಶೇಕಡಾ ಚರ್ಚ್ ತೆರಿಗೆ. ಸಂಬಳದಲ್ಲೇ ಹಿಡಿದು ಸರ್ಕಾರವೇ ಚರ್ಚಿಗೆ ಕೊಡುತ್ತದೆ. ಬೇಡ ಅನ್ನುವವರು ಜನನ ಮರಣ ದಾಖಲೆಯ ಕಚೇರಿಗೆ ಹೋಗಿ, ಸಭೆ ಬಿಟ್ಟೆ ಅಂತ ಸಹಿ ಹಾಕಿ ಬರುತ್ತಾರೆ. ಹಾಗೆ ಬಿಡುವವರು ಪ್ರತಿ ವರ್ಷ ಇದ್ದಾರೆ. "ಎಷ್ಟು ಜನ ಸೇರಿದರು" ಅನ್ನುವ ನಮ್ಮ ಹಿರಿಯರಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು?

ಹಾಗಾದರೆ ನೀವು ಮಾಡುವ ಕೆಲಸವೇನು ಅನ್ನುತ್ತೀರಿ. ಜಾಸ್ತಿ ಹೊತ್ತು ಕೂರುವುದು. ಇಲ್ಲಿ ಹಿರಿಯರ ಹುಟ್ಟುಹಬ್ಬಕ್ಕೆ ಪಾಸ್ಟರ್ ಮನೆಗೆ ಹೋಗುವ ರೂಢಿಯಿದೆ. ಎಂಬತ್ತು, ಎಂಬತ್ತೈದು, ತೊಂಬತ್ತು. ನಾನೂ ಜೊತೆಗೆ ಹೋಗುತ್ತೇನೆ. ಕೆಲವರಿಗೆ ಆ ದಿನ ಬರುವವರು ನಾವಿಬ್ಬರೇ. ಟೇಬಲ್ ಮೇಲೆ ಆರು ಜನಕ್ಕಾಗುವಷ್ಟು ಕಾಫಿ ಕಪ್ ಜೋಡಿಸಿರುತ್ತಾರೆ.

ಹಾಗೆ ಹೋದಾಗ ಎಂಬತ್ತೈದು ತುಂಬಿದ ಒಬ್ಬ ಅಜ್ಜಿ ತಮ್ಮ ಬಾಲ್ಯ ಹೇಳುತ್ತಿದ್ದರು. ಅವರ ಸಂಡೇ ಸ್ಕೂಲಿನಲ್ಲಿ ಒಂದು ಕಾಣಿಕೆ ಡಬ್ಬಿ ಇತ್ತಂತೆ. ಅದರ ಮೇಲೆ ಮಂಡಿಯೂರಿದ ಕಪ್ಪು ಹುಡುಗನ ಗೊಂಬೆ. ನಾಣ್ಯ ಹಾಕಿದರೆ ಅದು ಉಪಕಾರವಾಯಿತು ಅನ್ನುವ ಹಾಗೆ ತಲೆ ಆಡಿಸುತ್ತಿತ್ತು. "ಅದರ ತಲೆ ಆಡುವುದನ್ನು ನೋಡೋಕೇ ನಾವು ಪೆನ್ನಿಗ್ ಹಾಕ್ತಿದ್ದೆವು" ಅಂದು ನಕ್ಕವರು, ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸಿದರು. ಕೈಯಲ್ಲಿದ್ದ ಚಮಚ ಕಪ್ಪಿನೊಳಗೆ ಸುಮ್ಮನೆ ತಿರುಗುತ್ತಲೇ ಇತ್ತು.

ನನಗೆ ಸಿಟ್ಟು ಬಂತಾ? ಬಂತು. ಅಂಥ ಗೊಂಬೆಗಳು ಈಗ ಮ್ಯೂಸಿಯಂಗಳಲ್ಲಿವೆ, ನಾಚಿಕೆಯ ಗುರುತಾಗಿ. ಆದರೆ ನನ್ನ ಅಜ್ಜಿ ಓದಿದ್ದು ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ಅಂಥ ಡಬ್ಬಿಗಳ ಚಿಲ್ಲರೆಯೂ ಅದರ ಗೋಡೆಯಲ್ಲಿ ಎಲ್ಲೋ ಇರಬಹುದು. ಎರಡನ್ನೂ ಒಟ್ಟಿಗೆ ಹೇಗೆ ಹಿಡಿಯುವುದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಆಗ ನನಗೆ ಹೊಳೆದದ್ದು ಬೇರೆಯೇ. "ಅಜ್ಜಿ, ಮೊದಲ ವರ್ಷ ನಿಮ್ಮ ಭಾಷೆ ಬರದೆ ನಾನೂ ಹಾಗೇ ತಲೆ ಆಡಿಸ್ತಿದ್ದೆ. ಯಾರೂ ಒಂದು ಪೈಸೆ ಹಾಕಲಿಲ್ಲ" ಅಂದೆ. ಅವರು ಮೊದಲು ನಕ್ಕರು, ಆಮೇಲೆ ಅತ್ತರು. ಹೊರಡುವಾಗ ನನ್ನ ಅಜ್ಜಿಯ ಹೆಸರು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರು. ಯಾಕೆ ಅಂತ ಕೇಳಲಿಲ್ಲ.

ಬೆಳೆ ಹಬ್ಬ ಇಲ್ಲೂ ಇದೆ, ಅಕ್ಟೋಬರ್ ಮೊದಲ ಭಾನುವಾರದ ಹೊತ್ತಿಗೆ. ಕುಂಬಳಕಾಯಿ, ಸೇಬು, ದ್ರಾಕ್ಷಿ, ದೊಡ್ಡ ಬ್ರೆಡ್ಡು ಎಲ್ಲ ವೇದಿಕೆಯ ಮುಂದೆ ಅಚ್ಚುಕಟ್ಟಾಗಿ ಜೋಡಿಸುತ್ತಾರೆ. ಆದರೆ ಏಲಂ ಇಲ್ಲ! ಏಲಂ ಇಲ್ಲದ ಬೆಳೆ ಹಬ್ಬ ಯಾವ ಹಬ್ಬ? ಮರುವರ್ಷ ನಮ್ಮವರು ಹಟ ಹಿಡಿದು ಆರಾಧನೆ ಮುಗಿದ ಮೇಲೆ ಒಂದು ಕುಂಬಳಕಾಯಿ ಏಲಂಗೆ ಇಟ್ಟರು. ಐದು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಕೆಳಮನೆಯ ಅಜ್ಜ ಎರಡು ಯೂರೋ ಅಂದರು. ಅವರ ಹಳೇ ಸ್ನೇಹಿತರೊಬ್ಬರಿಗೆ ರೋಷ ಬಂತು. ನಲವತ್ತಕ್ಕೆ ಹೋಯಿತು. ಗೆದ್ದವರಿಗೆ ಕುಂಬಳಕಾಯಿ ಇಷ್ಟವೇ ಇಲ್ಲವಂತೆ. ಅದು ನಮ್ಮನೆಗೇ ಬಂತು, ಮೂರು ದಿನ ಹುಳಿ ಮಾಡಿದೆ.

ಮಕ್ಕಳ ವಿಷಯ ಬರೆಯೋದಕ್ಕೆ ಕೂತರೆ ಕೈ ನಿಧಾನವಾಗುತ್ತದೆ. ಮಗಳಿಗೆ ಒಂಬತ್ತು, ಮಗನಿಗೆ ಆರು. ಮಗ ಈ ಸಲ ಒಂದನೇ ತರಗತಿಗೆ ಸೇರಿದ. ಮೊದಲ ದಿನ ಇಲ್ಲಿನ ಮಕ್ಕಳು ತಮ್ಮಷ್ಟೇ ಎತ್ತರದ ಕಾಗದದ ಕೋನಿನ ತುಂಬ ಮಿಠಾಯಿ, ಪೆನ್ಸಿಲ್ ತುಂಬಿಕೊಂಡು ಹೋಗುತ್ತಾರೆ. ಅವನ ಕೋನಿನ ತಳದಲ್ಲಿ ನಾನು ಒಂದು ಪೊಟ್ಟಣ ಚಕ್ಕುಲಿ ಬಚ್ಚಿಟ್ಟಿದ್ದೆ. ಅದು ಹಾಗೇ ವಾಪಸ್ ಬಂತು. ಅಕ್ಕ ತಮ್ಮ ಜಗಳವಾಡುವುದು ಶ್ವಾಬರ ಭಾಷೆಯಲ್ಲಿ. ಬೈಗುಳ ಬದಲಾದರೆ ಭಾಷೆ ಬದಲಾದಂತೆಯೇ ಲೆಕ್ಕ.

ಬಾಸೆಲ್ ಮಿಷನ್ನಿನ ಹಳೇ ಕುಟುಂಬಗಳ ಬಗ್ಗೆ ಓದುವಾಗ ನನ್ನನ್ನು ಕಾಡುವುದು ಒಂದೇ ಸಂಗತಿ. 1853ರಿಂದ ಅವರು ತಮ್ಮ ಮಕ್ಕಳಿಗಾಗಿ ಬಾಸೆಲ್‌ನಲ್ಲಿ ಒಂದು ಮನೆ ಮಾಡಿದರು. ಮಂಗಳೂರಲ್ಲೋ ಧಾರವಾಡದಲ್ಲೋ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಅಲ್ಲಿಗೆ ಕಳಿಸುತ್ತಿದ್ದರು. ಆಮೇಲೆ ಅಪ್ಪ ಅಮ್ಮ ಅಂದರೆ ತಿಂಗಳುಗಟ್ಟಲೆ ತಡವಾಗಿ ಬರುವ ಕಾಗದ. ಚಿಕ್ಕಂದಿನಲ್ಲಿ ಆಯಾಗಳ ಜೊತೆ ಆಡಿದ ಮಾತು ಎಷ್ಟು ದಿನ ಉಳಿದೀತು? ನನ್ನ ಮಕ್ಕಳು ನನ್ನ ಮಗ್ಗುಲಲ್ಲೇ ಮಲಗುತ್ತಾರೆ. ನಾನು ಅದೃಷ್ಟವಂತೆ. ಆದರೂ ನಿದ್ದೆಗಣ್ಣಲ್ಲಿ ಮಗ ನೀರು ಕೇಳುವುದು ಜರ್ಮನ್‌ನಲ್ಲಿ.

ಅದಕ್ಕೇ ಶನಿವಾರ ಸಂಜೆ ಬೆಟಗೇರಿಯ ಅತ್ತೆಯ ಫೋನ್ ತಪ್ಪಿಸುವುದಿಲ್ಲ. "ಆರಾಮ ಅದೀಯೇನ್ವಾ?" ಅಂತ ನನ್ನನ್ನು ಒಂದು ಮಾತು ಕೇಳಿ, "ಎಲ್ಲಿ, ನನ್ನ ಮೊಮ್ಮಗಳ ಕೈಯಾಗ ಕೊಡು" ಅನ್ನುತ್ತಾರೆ. ಮಗಳು ಅಜ್ಜಿಗೆ ಬೈಬಲಿನ ಕೀರ್ತನೆ ಒಪ್ಪಿಸಬೇಕು. ಕೆಲವು ತಿಂಗಳಿಂದ 23ನೇ ಕೀರ್ತನೆಯಲ್ಲೇ ಇದ್ದಾರೆ. "ಯೆಹೋವನು ನನಗೆ ಕುರುಬನು" ಅನ್ನುವವರೆಗೆ ಸಲೀಸು, ಮುಂದೆ ನಾಲಿಗೆ ತೊಡರುತ್ತದೆ. ಒಮ್ಮೆ ಸಿಟ್ಟಿನಿಂದ ಫೋನ್ ನನ್ನ ಕೈಗೆ ತುರುಕಿ ಓಡಿದಳು.

ಕಳೆದ ತಿಂಗಳು ಶ್ವಾಬಿಷ್ ಆಲ್ಬ್ ಬೆಟ್ಟದ ಕಡೆಗೆ ಹೋಗಿದ್ದೆವು. ಅಲ್ಲಿ ಇನ್ನೂ ಕುರಿಮಂದೆ ಹೊಡೆದುಕೊಂಡು ಊರೂರು ತಿರುಗುವವರಿದ್ದಾರೆ. ರಸ್ತೆಗೆ ಅಡ್ಡವಾಗಿ ಇನ್ನೂರು ಮುನ್ನೂರು ಕುರಿ ಬಂದವು. ಹಿಂದೆ ಕೋಲು ಊರಿಕೊಂಡು, ದೊಡ್ಡ ಟೋಪಿಯ ಒಬ್ಬ ಮನುಷ್ಯ. ನಮ್ಮವರು ಕಾರು ನಿಲ್ಲಿಸಿದರು. ಗದಗದ ರಸ್ತೆಯಲ್ಲಿ ಕಂಬಳಿ ಹೊದ್ದವರನ್ನು ಕಂಡಂತಾಯಿತೇನೋ, ಸುಮ್ಮನೆ ನೋಡುತ್ತಾ ಕೂತರು. ಹಿಂದಿನ ಸೀಟಿನಿಂದ ಮಗಳು ಕಿಟಕಿ ಇಳಿಸಿ ಕೂಗಿದಳು, "ಅಪ್ಪಾ, ಕುರುಬ! ಕುರುಬ!" ತಮ್ಮ ಕೇಳಿದ, ಹಾಗಂದರೇನು ಅಂತ, ಜರ್ಮನ್‌ನಲ್ಲಿ. ಅವಳು ಹೇಳಿಕೊಟ್ಟಳು, ಕನ್ನಡದಲ್ಲಿ.

ಇವತ್ತು ಭಾನುವಾರ ರಾತ್ರಿ. ನಮ್ಮ ಸರದಿ ಮುಗಿಯಿತು. ಹಲಗೆಯನ್ನು ಪಕ್ಕದ ಮನೆಯ ಬಾಗಿಲಿಗೆ ತೂಗುಹಾಕಿ ಬರಬೇಕು.