ಶುಂಠಿ–ಜೇನು ಬಿಯರ್: ಮೂರನೇ ಸಲದ ದಿನಚರಿ

ಸಂಕ್ರಾಂತಿಯ ಮಾರನೇ ದಿನ ಶುರು ಮಾಡಿದ್ದು. ಹಿಂದಿನ ಎರಡು ಸಲವೂ ಶುಂಠಿ ಹುದುಗು (ಬಿಯರ್ ಹುದುಗಿಸಲು ಮೊದಲು ಮಾಡಿಕೊಳ್ಳುವ ಯೀಸ್ಟ್ ಹೆಪ್ಪು) ಏಳಲೇ ಇಲ್ಲ. ಎರಡು ಸಲವೂ ಅದಕ್ಕೆ ಬರೀ ಜೇನು ಹಾಕಿದ್ದೆ. ಜೇನಿನಲ್ಲಿ ಸಕ್ಕರೆ ಅಂಶ ಧಾರಾಳ, ಆದರೆ ಯೀಸ್ಟ್ ಬೆಳೆಯಲು ಬೇಕಾದ ಸಾರಜನಕ ತೀರಾ ಕಡಿಮೆ. ಈ ಸಲ ಹುದುಗಿಗೆ ಮಂಡ್ಯದ ಬೆಲ್ಲ, ಜೇನೇನಿದ್ದರೂ ಬಿಯರ್‌ಗೆ.

ದಿನ 1: ದೇವರಾಜ ಮಾರುಕಟ್ಟೆಯಿಂದ ಅರ್ಧ ಕೆಜಿ ಶುಂಠಿ ತಂದೆ. ಎಚ್.ಡಿ. ಕೋಟೆ, ಹುಣಸೂರು ಕಡೆ ಈಗ ಕೀಳುವ ಕಾಲ, ಮಣ್ಣು ಮೆತ್ತಿದ್ದೇ ಸಿಕ್ಕಿತು. ಮಣ್ಣು ಹೋಗುವಷ್ಟು ತೊಳೆದು, ಸಿಪ್ಪೆ ಸಮೇತ ತುರಿದೆ. ಯೀಸ್ಟ್ ಇರುವುದೇ ಸಿಪ್ಪೆಯ ಮೇಲೆ. ನಲ್ಲಿ ನೀರಿನ ಕ್ಲೋರಿನ್ ಅದಕ್ಕೆ ಆಗದು, ಹಾಗಾಗಿ ಕುದಿಸಿ ಆರಿಸಿದ ನೀರು ಎರಡು ಲೋಟ, ತುರಿ ಎರಡು ಚಮಚ, ಬೆಲ್ಲದ ಪುಡಿ ಎರಡು ಚಮಚ. ಬಾಯಿಗೆ ಬಟ್ಟೆ ಕಟ್ಟಿಟ್ಟೆ.

ದಿನ 2, 3: ದಿನಾ ಒಂದೊಂದು ಚಮಚ ತುರಿ, ಬೆಲ್ಲ. ಏನೂ ಬದಲಾವಣೆಯಿಲ್ಲ.

ದಿನ 4: ರಾತ್ರಿ ಅಡುಗೆಮನೆಯಲ್ಲಿ 18 ಡಿಗ್ರಿ. ಅಮ್ಮ ಬಂದು ನೋಡಿ, “ಈ ಚಳೀಲಿ ಇಡ್ಲಿ ಹಿಟ್ಟೇ ಉಬ್ಬಲ್ಲ ಕಣೋ, ಅದರ ಪಕ್ಕದಲ್ಲೇ ಇಟ್ಟು ಕಂಬಳಿ ಹೊದಿಸು” ಅಂದರು. ಹೊದಿಸಿದೆ.

ದಿನ 6: ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಮೇಲೆಲ್ಲ ನೊರೆ! ಕಿವಿ ಹತ್ತಿರ ಹಿಡಿದರೆ ಗುಳ್ಳೆ ಒಡೆಯುವ ಸದ್ದು. ಎಷ್ಟು ಖುಷಿಯಾಯಿತೆಂದರೆ, ಅವತ್ತೇ ಒಂದೊಂದು ಲೀಟರ್‌ನ ಎರಡು ಜಾಡಿ ಸಿದ್ಧ ಮಾಡಿಬಿಟ್ಟೆ. ಎರಡಕ್ಕೂ 100 ಗ್ರಾಂ ತುಡುವೆ ಜೇನು, ಒಂದು ನಿಂಬೆಹಣ್ಣಿನ ರಸ, ಅರ್ಧ ಲೋಟ ಹುದುಗು. ವ್ಯತ್ಯಾಸ ಒಂದೇ: ಮೊದಲನೆಯದರಲ್ಲಿ ಜೇನನ್ನು ಶುಂಠಿ ನೀರಿನ ಜೊತೆ ಕುದಿಸಿದೆ, ಎರಡನೆಯದರಲ್ಲಿ ನೀರು ಉಗುರುಬೆಚ್ಚಗಾದ ಮೇಲೆ ಕಲಸಿದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡರಲ್ಲೂ 1.029 ತೋರಿಸಿತು (ಬರೀ ನೀರಿಗೆ 1.000).

ದಿನ 8: ಸೋಸಿ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ತುಂಬಿದೆ. ಗಾಜು ಬೇಡ. ಒಳಗಿನ ಒತ್ತಡ ಎಷ್ಟಾಗಿದೆ ಎಂದು ಗೊತ್ತಾಗುವುದಿಲ್ಲ, ಸಿಡಿದರೆ ಕಷ್ಟ. ಪ್ಲಾಸ್ಟಿಕ್ಕಾದರೆ ಅಮುಕಿ ನೋಡಬಹುದು.

ದಿನ 10: ಎರಡೂ ಕಲ್ಲಿನ ಹಾಗೆ ಗಟ್ಟಿ. ಸಂಜೆ ಫ್ರಿಜ್ಜಿಗೆ.

ದಿನ 11: ತೆರೆದೆ. ಮೊದಲನೆಯದು ಚೆನ್ನಾಗಿತ್ತು, ಖಾರವೂ ಇತ್ತು, ಆದರೆ ಸಕ್ಕರೆ ಹಾಕಿ ಮಾಡಿದ್ದೆ ಅಂದರೂ ನಂಬಬಹುದಿತ್ತು. ಎರಡನೆಯದರ ಮುಚ್ಚಳ ತೆಗೆದ ಕೂಡಲೇ ಹೂವಿನ ಘಮ. ನಾಲಿಗೆಗೆ ತೆಳು, ಹುಳಿ–ಸಿಹಿ, ಕೊನೆಯಲ್ಲಿ ಶುಂಠಿಯ ಚುರುಕು, ಅದರ ಹಿಂದೆ ಮತ್ತೆ ಜೇನು. ಜೇನಿನ ಪರಿಮಳವೆಲ್ಲ ಹಬೆಯ ಜೊತೆ ಹಾರಿಹೋಗುವಂಥದ್ದು. ಇನ್ನು ಮೇಲೆ ಜೇನು ಕುದಿಸುವುದಿಲ್ಲ.

ಕಾಫಿ ಆರಿಸುವ ಹಾಗೆ ಲೋಟದಿಂದ ಲೋಟಕ್ಕೆ ಹೊಯ್ದು, ಗುಳ್ಳೆ ಹೋದ ಮೇಲೆ ಅಳೆದೆ: 1.022. ಸಕ್ಕರೆ ಆಲ್ಕೋಹಾಲ್ ಆದಷ್ಟೂ ಈ ಅಂಕಿ ಇಳಿಯುತ್ತದೆ; ಇಳಿತದ ಲೆಕ್ಕದಲ್ಲಿ ಆಲ್ಕೋಹಾಲ್ ಸುಮಾರು ಶೇ. 0.9. ಕಡಿಮೆಯೇ, ಆದರೂ ಅಕ್ಕನ ಮಕ್ಕಳಿಗೆ ಕೊಡಲಿಲ್ಲ, ಅವರಿಗೆ ಬರೀ ನಿಂಬೆ ಪಾನಕ. ಅಪ್ಪ ಎರಡನೇ ಲೋಟ ಕೇಳಿದರು.

ತಳದಲ್ಲಿ ಗಸಿ ಇನ್ನೂ ಜಾಸ್ತಿ ನಿಲ್ಲುತ್ತಿದೆ, ಮುಂದಿನ ಸಲ ಎರಡು ಪದರದ ಬಟ್ಟೆಯಲ್ಲಿ ಸೋಸಬೇಕು. ಹುದುಗಿಗೆ ಇವತ್ತೂ ಒಂದು ಚಮಚ ಬೆಲ್ಲ ಹಾಕಿದ್ದೇನೆ.