ಹೊಸ್ತಿಲ ಹುಣ್ಣಿಮೆಯಿಂದ ಎಳ್ಳಮಾವಾಸ್ಯೆವರೆಗೆ: 1971ರ ಸಿಪಾಯಿಯೊಬ್ಬರ ನೆನಪಿನ ದಾಖಲೆ, ಈವರೆಗಿನ ಕೆಲಸ

ಕೆಲಸ ಇಷ್ಟು: 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ 1 ಮರಾಠಾ ಲೈಟ್ ಇನ್‌ಫಂಟ್ರಿ, ಅಂದರೆ ಜಂಗಿ ಪಲ್ಟನ್ನಿನ ರೈಫಲ್ ಕಂಪನಿಯಲ್ಲಿದ್ದ ಬೆಳಗಾವಿ ಕಡೆಯ ಹಿರಿಯರೊಬ್ಬರ ನೆನಪನ್ನು ಧ್ವನಿಯಲ್ಲಿ ದಾಖಲಿಸಿ, ಬರಹಕ್ಕಿಳಿಸಿ, ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ ನಕ್ಷೆಯ ಮೇಲೆ ಕೂರಿಸುವುದು. ಅವರ ಹೆಸರು, ಊರು ಇಲ್ಲಿ ಬರುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಹಾಗೆಯೇ ಬರೆದಿದೆ. ಐದು ಬೈಠಕ್ ಮುಗಿದಿವೆ, ಮೂರರ ಬರಹ ಆಗಿದೆ. ಒಂದು ತಾಸಿನ ಮಾತಿಗೆ ಆರು ತಾಸು ಬರವಣಿಗೆ ಹಿಡಿಯುತ್ತಿದೆ.

ಮೊದಲ ಬೈಠಕ್: ಧ್ವನಿ ಕೆಟ್ಟದ್ದು

48 ಕಿಲೋಹರ್ಟ್ಸ್, 24 ಬಿಟ್, ಮೊನೊ ವೇವ್ ಫೈಲ್. 45 ನಿಮಿಷಕ್ಕೆ ಸುಮಾರು 390 ಎಂಬಿ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ. ಮಾಮೂಲಿ ಮಾತಿಗೆ ಮಟ್ಟವನ್ನು -6 ಡೆಸಿಬಲ್‌ಗೆ ಇಟ್ಟದ್ದು ತಪ್ಪಾಯಿತು. ಮಾರ್ಟರ್ ಬಿದ್ದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುವಾಗ ದನಿ ಒಮ್ಮೆಲೇ ಏರಿ, ಮುಖ್ಯವಾದ ನಾಲ್ಕು ಕಡೆ ಒಡೆದುಹೋಗಿದೆ. ಅದನ್ನು ಸರಿಪಡಿಸಲು ಬರುವುದಿಲ್ಲ. ಎರಡನೇ ಬೈಠಕ್‌ನಿಂದ -18ಕ್ಕೆ ಇಳಿಸಿದ್ದೇವೆ, ಪಕ್ಕದಲ್ಲಿ ಮೊಬೈಲನ್ನೂ ರೆಕಾರ್ಡಿಂಗಿಗೆ ಇಡುತ್ತಿದ್ದೇವೆ. ಫ್ಯಾನ್ ಬಂದ್, ಫ್ರಿಜ್ಜಿನ ಸ್ವಿಚ್ ಬಂದ್. ಹೆಗಲ ಮೇಲಿನ ಟವೆಲ್ ಮೈಕಿಗೆ ಉಜ್ಜುತ್ತದೆ, ಅದನ್ನು ಮೊದಲೇ ಕೇಳಿ ತೆಗೆಸಬೇಕು.

ಕೂರುವ ಜಾಗ ಬಹಳ ಮುಖ್ಯ. ಬಲಗೈಯಲ್ಲಿ ರೈಫಲ್ ಹಿಡಿದು ವರ್ಷಗಟ್ಟಲೆ ಗುಂಡು ಹೊಡೆದವರಿಗೆ ಎಡಗಿವಿ ಹೆಚ್ಚು ಮಂದವಾಗಿರುತ್ತದೆ. ರೈಫಲ್ಲಿನ ಬಟ್ಟಿಗೆ, ಅಂದರೆ ಹೆಗಲಿಗೆ ಒತ್ತುವ ಹಿಂಬದಿಗೆ, ಕೆನ್ನೆ ಒತ್ತಿದಾಗ ಎಡಗಿವಿ ನಳಿಕೆಯ ಕಡೆಗಿರುತ್ತದೆ, ಬಲಗಿವಿಗೆ ತಲೆಯೇ ಮರೆ. ಆದ್ದರಿಂದ ಪ್ರಶ್ನೆ ಕೇಳುವವರು ಅವರ ಬಲಕ್ಕೆ, ಮುಖ ಕಾಣುವಂತೆ ಕೂರಬೇಕು. ಕೂಗಬಾರದು. ಹೋಗಿರುವುದು ಕೀರಲು ಸದ್ದುಗಳನ್ನು ಹಿಡಿಯುವ ಶಕ್ತಿ. ದನಿಯ ಶ್ರುತಿ ತಗ್ಗಿಸಿ ನಿಧಾನ ಮಾತಾಡಿದರೆ ಚೆನ್ನಾಗಿ ಕೇಳುತ್ತದೆ.

ಎರಡನೇ ಬೈಠಕ್: ತಾರೀಖು ಕೇಳಬೇಡಿ, ತಿಂಗಳ ಬೆಳಕು ಕೇಳಿ

ಈ ಕೆಲಸದಲ್ಲಿ ಕೈಗೆ ಹತ್ತಿದ ದೊಡ್ಡ ಸಾಧನ ಇದೇ. 50 ವರ್ಷ ದಾಟಿದ ಮೇಲೆ ತಾರೀಖು ನೆನಪಿರುವುದಿಲ್ಲ, ಇದ್ದರೂ ಅದು ಆಮೇಲೆ ಓದಿದ್ದು. ಚಂದ್ರ ಇದ್ದನೋ ಇಲ್ಲವೋ ಎಂಬುದು ಮಾತ್ರ ಮೋರ್ಚಾದಲ್ಲಿ, ಅಂದರೆ ಕಾದಾಡಲು ತೋಡಿದ ಹೊಂಡದಲ್ಲಿ ಕೂತವನಿಗೆ ಜೀವದ ಪ್ರಶ್ನೆಯಾಗಿತ್ತು, ಹಾಗಾಗಿ ಅದು ಉಳಿದಿರುತ್ತದೆ.

1971ರ ಡಿಸೆಂಬರ್ 2 ಹೊಸ್ತಿಲ ಹುಣ್ಣಿಮೆ. ಮರುದಿನ, 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. 16ರಂದು ಢಾಕಾದಲ್ಲಿ ಶರಣಾಗತಿ. 17ರ ಶುಕ್ರವಾರ ಎಳ್ಳಮಾವಾಸ್ಯೆ. ಪಶ್ಚಿಮದಲ್ಲಿ ಗುಂಡು ನಿಂತದ್ದು ಆ ರಾತ್ರಿ 8ಕ್ಕೆ. ಇಡೀ ಯುದ್ಧ ಒಂದೇ ಬಹುಳ ಪಕ್ಷದೊಳಗೆ ಮುಗಿದಿದೆ. ಈ ಪಕ್ಷದಲ್ಲಿ ಚಂದ್ರ ದಿನಾ ಮುಕ್ಕಾಲು ತಾಸಿಗೂ ಹೆಚ್ಚು ತಡವಾಗಿ ಮೂಡುತ್ತಾನೆ. ಹೀಗಾಗಿ "ಕತ್ತಲಾದ ಕೂಡಲೇ ಬೆಳದಿಂಗಳು" ಅಂದರೆ ಯುದ್ಧದ ಮೊದಲ ಎರಡು ಮೂರು ರಾತ್ರಿ, "ನಡುರಾತ್ರಿ ಮ್ಯಾಲೆ ಅರ್ಧ ಚಂದ್ರ" ಅಂದರೆ 9, 10ರ ಆಸುಪಾಸು, "ಕೈ ಕಾಣದ ಕತ್ತಲು" ಅಂದರೆ ಕೊನೆಯ ದಿನಗಳು. ಒಂದು ದಿನ ಹಿಂದುಮುಂದಾಗಬಹುದು, ಹೆಚ್ಚಲ್ಲ. ಸ್ಟೆಲೇರಿಯಂ ತಂತ್ರಾಂಶದಲ್ಲಿ ಜಮಾಲ್‌ಪುರ ಮತ್ತು ತಾರೀಖು ಕೊಟ್ಟು ಪ್ರತಿ ರಾತ್ರಿಯ ಚಂದ್ರೋದಯದ ಪಟ್ಟಿ ಮಾಡಿಟ್ಟುಕೊಂಡೆವು. ಮಂಜು ಮುಸುಕಿದ್ದರೆ ಈ ಲೆಕ್ಕ ನಡೆಯದು. ಚಂದ್ರನ ಜೊತೆಗೆ ಮಂಜನ್ನೂ ಕೇಳಬೇಕು.

ಈ ಹಿರಿಯರ ಮಾತು ಬರಹದಲ್ಲಿ ಹೀಗಿದೆ: "ತಮ್ಮಾ, ಮೊದಲ ಚಂದ್ರ ಇದ್ದಿದ್ದಿಲ್ಲ. ಆಮ್ಯಾಲೆ ಎದ್ದ ನೋಡು, ರಸ್ತೆ ಬೆಳ್ಳಗ ಕಾಣಾಕ ಹತ್ತು." ಜಮಾಲ್‌ಪುರದ ಕೋಟೆಯಂಥ ನೆಲೆಯಿಂದ ಪಾಕಿಸ್ತಾನದ 31 ಬಲೂಚ್ ಪಲ್ಟನ್ ತಾಂಗೈಲ್ ರಸ್ತೆ ಹಿಡಿದು ಹೊರಬೀಳಲು ನೋಡಿದ್ದು ಡಿಸೆಂಬರ್ 10-11ರ ರಾತ್ರಿ. ಅಂದು ಬಹುಳ ನವಮಿ, ಚಂದ್ರ ಮೂಡುವುದು ನಡುರಾತ್ರಿ ಸುಮಾರಿಗೆ. ಕೂಡಿತು.

ಗಡಿಯಾರದ ಇನ್ನೊಂದು ತೊಡಕು: ನಮ್ಮ ಸೈನ್ಯ ಭಾರತೀಯ ಸಮಯ ಇಟ್ಟುಕೊಂಡಿತ್ತು, ಢಾಕಾದ ಸಮಯ ಅದಕ್ಕಿಂತ ಅರ್ಧ ತಾಸು ಮುಂದೆ. ಎರಡೂ ಕಡೆಯ ವರದಿ ಎದುರುಬದುರು ಇಟ್ಟಾಗ ಈ ಅರ್ಧ ತಾಸನ್ನು ಮರೆತರೆ, ಯಾರು ಮೊದಲು ಗುಂಡು ಹಾರಿಸಿದರು ಎಂಬುದೇ ತಲೆಕೆಳಗಾಗುತ್ತದೆ.

ಮೂರು, ನಾಲ್ಕನೇ ಬೈಠಕ್: ಮರಳಿನ ತಟ್ಟೆ

ಕಾಗದದ ನಕ್ಷೆ ಕೊಟ್ಟರೆ ಅವರು ಮರ್ಯಾದೆಗೆ ನೋಡಿ ಪಕ್ಕಕ್ಕಿಡುತ್ತಾರೆ. ಸಿಪಾಯಿ ಆದೇಶ ಕೇಳಿದ್ದು ಮರಳಿನ ಮಾದರಿಯ ಸುತ್ತ ಕೂತು. ಅದನ್ನೇ ಮಾಡಿದೆವು. 90x60 ಸೆಂ.ಮೀ. ಪ್ಲೈವುಡ್ ಹಲಗೆ, ಸುತ್ತ 8 ಸೆಂ.ಮೀ. ಅಂಚು. ಸೋಸಿದ ಮರಳು 5 ಸೆಂ.ಮೀ. ದಪ್ಪ: ಸುಮಾರು 27 ಲೀಟರ್, ತೂಕ 40 ಕೆಜಿ ಮೇಲೆ. ಪ್ಲಾಸ್ಟಿಕ್ ಟೇಬಲ್ ಬಾಗುತ್ತದೆ, ಕಟ್ಟಿಗೆಯದೇ ಬೇಕು. ಒಣ ಮರಳು ಕುಸಿಯುತ್ತದೆ. ಎರಡು ಲೀಟರ್ ನೀರು ಚಿಮುಕಿಸಿ ಕಲಸಿದರೆ ಒಡ್ಡು, ಕಾಲುವೆ ನಿಲ್ಲುತ್ತವೆ. 1:1000 ಪ್ರಮಾಣ ಇಟ್ಟರೆ 900 ಮೀಟರ್ ರಸ್ತೆ ಹಿಡಿಸುತ್ತದೆ, ಒಂದು ಕಂಪನಿಯ ಜಾಗಕ್ಕೆ ಸಾಕು. ರಸ್ತೆಗೆ ರಂಗೋಲಿ ಪುಡಿ, ಸಿಪಾಯಿಗೆ ಬೆಂಕಿಕಡ್ಡಿ, ಎಲ್‌ಎಂಜಿಗೆ (ಲೈಟ್ ಮಷಿನ್ ಗನ್) ಅಲಸಂದಿ ಕಾಳು.

ಕಲಿತ ಪಾಠ: ಏನನ್ನೂ ಮೊದಲೇ ಇಡಬಾರದು. ಮೂರನೇ ಬೈಠಕ್‌ನಲ್ಲಿ ಪುಸ್ತಕದ ಪ್ರಕಾರ ಮೋರ್ಚಾಗಳನ್ನು ಕೊರೆದು ತೋರಿಸಿದ್ದಕ್ಕೆ "ಹೌದು, ಹಿಂಗ ಇತ್ತು" ಎಂಬ ಉತ್ತರವಷ್ಟೇ ಬಂತು. ನಾಲ್ಕನೆಯದರಲ್ಲಿ ಉತ್ತರ ದಿಕ್ಕಿನ ಗುರುತು ಮತ್ತು ರಸ್ತೆ, ಇವೆರಡೇ. ಮೊದಲ ಹತ್ತು ನಿಮಿಷ ಮಾತೇ ಇಲ್ಲ. ಆಮೇಲೆ ಅಂಗೈ ಅಂಚಿನಿಂದ ರಸ್ತೆಯ ಬದಿಗೆ ಒಂದು ತಗ್ಗು ಎಳೆದರು, ಅದರ ಹಿಂದೆ ಮೂರು ಕಡ್ಡಿ ಚುಚ್ಚಿದರು, ನಾಲ್ಕನೆಯದನ್ನು ಬೆರಳಲ್ಲೇ ಹಿಡಿದುಕೊಂಡು ಕೂತರು. ಅದು ಯಾರೆಂದು ನಾವು ಕೇಳಲಿಲ್ಲ. ಮೇಲಿನಿಂದ ಐದೈದು ನಿಮಿಷಕ್ಕೊಂದು ಫೋಟೊ, ಕೈಗಳು ಬೀಳುವಂತೆ ವಿಡಿಯೊ. "ಇಲ್ಲಿಂದ ಅಲ್ಲಿಗೆ" ಎಂಬ ಮಾತು ಧ್ವನಿಯಲ್ಲಿ ಮಾತ್ರ ಇದ್ದರೆ ಮುಂದೆ ಯಾರಿಗೂ ತಿಳಿಯುವುದಿಲ್ಲ.

ನಕ್ಷೆಗೆ ಅಮೆರಿಕ ಸೇನೆಯ ಹಳೆಯ ಯು502 ಸರಣಿಯ 1:2,50,000 ಹಾಳೆ ಬಳಸಿದ್ದೇವೆ, 1 ಸೆಂ.ಮೀ.ಗೆ 2.5 ಕಿ.ಮೀ. ಈಗಿನ ಉಪಗ್ರಹ ಚಿತ್ರ ದಾರಿ ತಪ್ಪಿಸುತ್ತದೆ. ತಾಂಗೈಲ್ ಬಳಿಯ ಜಮುನಾ ಸೇತುವೆ ಆದದ್ದೇ 1998ರಲ್ಲಿ. "ಬ್ರಹ್ಮಪುತ್ರಾ ದಾಟಿದೆವು" ಎಂದರೆ ಅದು ಜಮಾಲ್‌ಪುರದ ಮಗ್ಗುಲಿನ ಹಳೇ ಬ್ರಹ್ಮಪುತ್ರಾ, ಜಮುನಾ ಅಲ್ಲ.

ಬರಹ: ಮೂರು ಬಣ್ಣ

ಕಂಡದ್ದಕ್ಕೆ ಹಸಿರು, ಅಲ್ಲೇ ಕೇಳಿದ್ದಕ್ಕೆ ಹಳದಿ, ಆಮೇಲೆ ಓದಿದ್ದು ಕೇಳಿದ್ದಕ್ಕೆ ಕೆಂಪು. ನಮ್ಮ ಕಡೆಯ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಅವರ ಶರಣಾಗತಿ ಪತ್ರಕ್ಕೆ ಬಲೂಚ್ ಕರ್ನಲ್ ಸುಲ್ತಾನ್ ಅಹ್ಮದ್ ಕಾಗದದಲ್ಲಿ ಗುಂಡು ಸುತ್ತಿ ಉತ್ತರ ಕಳಿಸಿದ ಪ್ರಸಂಗ ನಿಜ, ಪ್ರಸಿದ್ಧ. ಆದರೆ ಮೋರ್ಚಾದ ಸಿಪಾಯಿ ಆ ಕಾಗದ ನೋಡಿರುವುದಿಲ್ಲ. "ನಿಮಗ ಯಾರು ಹೇಳಿದ್ರಿ, ಯಾವಾಗ?" ಎಂದು ಕೇಳಿದರೆ ಬಣ್ಣ ತಾನಾಗಿ ತಿಳಿಯುತ್ತದೆ. ಕೆಂಪು ಅಂದರೆ ಸುಳ್ಳಲ್ಲ, ಅಳಿಸಲೂ ಬಾರದು.

ಆಯುಧದ ಹೆಸರೂ ಒಳ್ಳೆಯ ಒರೆಗಲ್ಲು. ಅಂದು ಕೈಯಲ್ಲಿದ್ದದ್ದು 7.62 ಎಸ್‌ಎಲ್‌ಆರ್ ರೈಫಲ್, ಮ್ಯಾಗಜೀನಿಗೆ 20 ಗುಂಡು. ಮಾತಿನ ನಡುವೆ ಇನ್ಸಾಸ್ ರೈಫಲ್ ಬಂದರೆ ಅದು 1990ರ ದಶಕದ ನಂತರ ನೋಡಿದ್ದರ ಬೆರಕೆ.

ಮನೆಯವರು "ಅಜ್ಜಾ, ಆ ಕಥೆ ಹೇಳು" ಎಂದು ಹೇಳಿಸುವ ಕಥೆ ಹೇಳಿ ಹೇಳಿ ನುಣುಪಾಗಿರುತ್ತದೆ. ಅದನ್ನು ಮೊದಲೇ ಪೂರ್ತಿ ಹೇಳಲು ಬಿಡಿ, ಆಮೇಲೆ ಅದರ ಹಿಂದಿನ ಅರ್ಧ ತಾಸು ಏನಾಯಿತು ಎಂದು ಕೇಳಿ. ಹೊಸ ಸಂಗತಿ ಬರುವುದು ಅಲ್ಲಿಂದ.

ಪೆಟ್ಟಿಗೆ

ಸಿಪಾಯಿಯ ಪೆಟ್ಟಿಗೆಯಲ್ಲಿ ಪೂರ್ವಿ ಸ್ಟಾರ್ ಪದಕ ಇದ್ದರೆ ಪೂರ್ವ ರಂಗದಲ್ಲಿದ್ದದ್ದು ಖಾತ್ರಿ. ಪದಕದ ಮೇಲೆ ನಂಬರು, ಹೆಸರು ಕೊರೆದಿರುತ್ತಾರೆ. ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆದರೆ ಅಕ್ಷರ ಏಳುತ್ತವೆ. ಹುಣಸೆಹಣ್ಣು ಹಚ್ಚಿ ಬೆಳಗಬೇಡಿ, ಆ ಅಕ್ಷರ ಸವೆಯುತ್ತದೆ. ಇನ್‌ಲ್ಯಾಂಡ್ ಪತ್ರಗಳಲ್ಲಿ 99 ಎಪಿಒ (ಸೇನೆಯ ಅಂಚೆ ಕಚೇರಿ) ಅಂದರೆ ಪೂರ್ವದ ಟಪಾಲು, 56 ಅಂದರೆ ಪಶ್ಚಿಮದ್ದು. ಸ್ಕ್ಯಾನ್ 600 ಡಿಪಿಐ. ಲ್ಯಾಮಿನೇಷನ್ ಬೇಡವೇ ಬೇಡ.

ನಿಲ್ಲಿಸುವುದು

ಎಷ್ಟು ಮಂದಿಯನ್ನು ಕೊಂದಿರಿ ಎಂಬ ಪ್ರಶ್ನೆ ನಮ್ಮ ಪಟ್ಟಿಯಲ್ಲಿಲ್ಲ, ಯಾರ ಪಟ್ಟಿಯಲ್ಲೂ ಇರಬಾರದು. ಬೈಠಕ್ ಬೆಳಿಗ್ಗೆ 10ಕ್ಕೆ, 45 ನಿಮಿಷ. ಸಂಜೆ ಮಾಡಿದರೆ ಆ ರಾತ್ರಿ ಅವರಿಗೆ ನಿದ್ದೆ ಇಲ್ಲ. ಕೊನೆಯ ಹತ್ತು ನಿಮಿಷ ರಜೆಗೆ ಊರಿಗೆ ಬಂದದ್ದು, ಹೊಲ, ಚಹಾ. ಒಂದೇ ವಾಕ್ಯ ಮೂರು ಸಲ ಬಂದರೆ, ಇಲ್ಲವೇ ಕೈ ಮೊಣಕಾಲು ಹಿಸುಕತೊಡಗಿದರೆ ಯಂತ್ರ ಬಂದ್. ಮರುದಿನ ಮನೆಯವರಿಗೆ ಫೋನ್. ತೀರಿಹೋದ ಜೊತೆಗಾರರ ಹೆಸರಿರುವ ಭಾಗ ಬೇರೆ ಫೈಲಿನಲ್ಲಿ, ಬೀಗದಲ್ಲಿದೆ.

ಈಗ ಎಲ್ಲಿದೆ

ಐದನೇ ಬೈಠಕ್‌ನಲ್ಲಿ ಎಲ್‌ಎಂಜಿಯ ಕಾಳು ರಸ್ತೆಯ ಪಶ್ಚಿಮಕ್ಕೆ ಬಿತ್ತು, ನಾಲ್ಕರಲ್ಲಿ ಪೂರ್ವಕ್ಕಿತ್ತು. ಯಾವುದನ್ನೂ ತಿದ್ದಿಲ್ಲ, ಎರಡೂ ಫೋಟೊ ಇಟ್ಟಿದ್ದೇವೆ. ಆರರಲ್ಲಿ ಕಾಳಿನ ಮಾತೆತ್ತದೆ, ಚಂದ್ರ ಎದ್ದಾಗ ಬೆಳಕು ಮುಖಕ್ಕೆ ಬಿತ್ತೋ ಬೆನ್ನಿಗೆ ಬಿತ್ತೋ ಎಂದಷ್ಟೇ ಕೇಳುತ್ತೇವೆ. ಚಂದ್ರ ಮೂಡಿದ್ದು ಪೂರ್ವಕ್ಕೆ, ರಸ್ತೆ ಹೋಗುವುದು ದಕ್ಷಿಣಕ್ಕೆ. ರಸ್ತೆಗೆ ಮುಖ ಮಾಡಿ ಕೂತಿದ್ದರೆ, ಮುಖಕ್ಕೆ ಬಿದ್ದ ಬೆಳಕು ಪಶ್ಚಿಮ ಬದಿ ಎನ್ನುತ್ತದೆ, ಬೆನ್ನಿಗೆ ಬಿದ್ದದ್ದು ಪೂರ್ವ ಬದಿ. ಮರಳು ಮತ್ತೆ ಸೋಸಿ ಇಟ್ಟಾಗಿದೆ.